ಹದಿನೈದು ದಿನ ಹೊರಗಿನಿಂದ ಏನೂ ಬರದಿದ್ದರೂ ಮನೆ ನಡೆಯಬೇಕು: ಮೊದಲು ಯಾವುದಕ್ಕೆ ಕೈ ಹಾಕಲಿ?

ಚಿಂತಾಮಣಿ_ಬಯಲು

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಐದು ಜನ. ಇಬ್ಬರು ಎಪ್ಪತ್ತು ದಾಟಿದವರು, ಅವರಲ್ಲಿ ಒಬ್ಬರು ಇನ್ಸುಲಿನ್ ಮೇಲಿದ್ದಾರೆ. ಕರೆಯುವ ಹಸು ಎರಡು. 1,000 ಚದರಡಿ ಆರ್‌ಸಿಸಿ ತಾರಸಿ. ಪಂಚಾಯಿತಿ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಮೇಲೆ 1,000 ಲೀಟರಿನ ಟ್ಯಾಂಕು ಒಂದಿದೆ, ಸಂಪು ಇಲ್ಲ. ಕುಡಿಯೋಕೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತರುತ್ತೇವೆ. ಗ್ಯಾಸ್ ಸಿಲಿಂಡರ್ ಒಂದೇ.

ಟ್ರಾನ್ಸ್‌ಫಾರ್ಮರ್ ಸುಡಲಿ, ಊರ ಬೋರು ಒಣಗಲಿ, 2020ರ ಲಾಕ್‌ಡೌನಿನ ಹಾಗೆ ಸಂತೆ ಅಂಗಡಿ ಎಲ್ಲ ಬಂದ್ ಆಗಲಿ, ಎರಡು ವಾರ ಯಾರ ಮುಂದೆಯೂ ಕೈ ಚಾಚದೆ ಮನೆ ನಡೆಯಬೇಕು ಅನ್ನೋದು ಆಸೆ. ಒಂದೇ ಸಲಕ್ಕೆ ಎಲ್ಲ ಮಾಡಿಸುವ ಶಕ್ತಿ ಇಲ್ಲ. ವರ್ಷಾನುಗಟ್ಟಲೆ ಒಂದೊಂದಾಗಿ ಮಾಡಿಕೊಂಡು ಹೋಗಬೇಕಾದರೆ ಯಾವುದು ಮೊದಲು, ಯಾವುದು ಆಮೇಲೆ? ಇನ್ವರ್ಟರ್ ಮೊದಲು ಅನ್ನುವವರೂ ಇದ್ದಾರೆ, ಸ್ವಂತ ಬೋರು ಕೊರೆಸು ಅನ್ನುವವರೂ ಇದ್ದಾರೆ. ಗೊತ್ತಿರುವವರು ಅಳತೆ, ಲೆಕ್ಕ ಸಮೇತ ಹೇಳಿದರೆ ಉಪಕಾರ.

ತೋಟದಮನೆ

ಸ್ವಂತ ಬೋರು ಇದ್ದರೆ ಅರ್ಧ ಚಿಂತೆ ಕಳೀತು ಅಂತ ನನ್ನ ಅಭಿಪ್ರಾಯ. ಕುಡಿಯೋ ನೀರು ಚೆನ್ನಾಗಿ ಕುದಿಸಿಕೊಂಡರೆ ಆಯ್ತು, ಕ್ಯಾನಿನ ಗೊಡವೆಯೇ ಬೇಡ.

ಮಳೆಕೊಯ್ಲು_ತುಮಕೂರು

ತೋಟದಮನೆ ಅವರೇ, ಇದನ್ನು ಒಪ್ಪೋಕಾಗಲ್ಲ. ನಮ್ಮ ಕಡೆ ಸಾವಿರ ಅಡಿ ದಾಟಿದರೂ ನೀರು ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಸಿಕ್ಕಿದರೂ ಅದನ್ನು ಎತ್ತೋಕೆ ಕರೆಂಟ್ ಬೇಕೇ ಬೇಕು. ಟ್ರಾನ್ಸ್‌ಫಾರ್ಮರ್ ಸುಟ್ಟ ದಿನ ಸ್ವಂತ ಬೋರು ಇದ್ದವನೂ ಇಲ್ಲದವನೂ ಒಂದೇ ಸಾಲಿನಲ್ಲಿ ಕೊಡ ಹಿಡಿದು ನಿಲ್ಲಬೇಕು.

ಪ್ರಶ್ನೆ ಕೇಳಿದವರಿಗೆ: ಮೊದಲು ನೀರು. ಅದರಲ್ಲೂ ಮೊದಲು ಕುಡಿಯುವ ನೀರನ್ನೂ ಬಳಸುವ ನೀರನ್ನೂ ಲೆಕ್ಕದಲ್ಲೇ ಬೇರೆ ಮಾಡಿ. ಎರಡನ್ನೂ ಕಲೆಸಿ ಲೆಕ್ಕ ಹಾಕಿದರೆ ಟ್ಯಾಂಕಿನ ಗಾತ್ರ ಕೇಳಿಯೇ ಎದೆ ಒಡೆಯುತ್ತೆ, ಕೆಲಸ ಶುರುವೇ ಆಗಲ್ಲ.

ಕುಡಿಯೋಕೆ, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್ ಹಿಡಿಯಿರಿ. ಐದು ಜನಕ್ಕೆ 25. ಹದಿನೈದು ದಿನಕ್ಕೆ 375 ಲೀಟರ್ ಅಷ್ಟೆ. ಇದನ್ನೇ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ತಿಂಗಳಿಗೆ ಎಳೆಯಿರಿ: 150 ದಿನಕ್ಕೆ 3,750 ಲೀಟರ್. ಅಂದರೆ 5,000 ಲೀಟರಿನ ಒಂದು ಸಂಪು ತುಂಬಿಟ್ಟುಕೊಂಡರೆ ಹದಿನೈದು ದಿನ ಏಕೆ, ಬೇಸಿಗೆ ಪೂರ್ತಿ ಕುಡಿಯುವ ನೀರಿಗೆ ಯಾರನ್ನೂ ಕೇಳಬೇಕಿಲ್ಲ. ಒಳ ಅಳತೆ 6 ಅಡಿ, 6 ಅಡಿ, ನೀರಿನ ಆಳ 5 ಅಡಿ ಇದ್ದರೆ 5,000 ಲೀಟರ್ ಸರಿಯಾಗಿ ಕೂರುತ್ತೆ.

ಇನ್ನು ತುಂಬುವ ಲೆಕ್ಕ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ನಿಮ್ಮ ತಾರಸಿ 93 ಚದರ ಮೀಟರ್. 10 ಮಿ.ಮೀ. ಮಳೆಗೆ 930 ಲೀಟರ್, ಹೀರಿಕೊಂಡು ಚೆಲ್ಲಿಹೋಗಿ ಕೈಗೆ ಸಿಗೋದು ಸುಮಾರು 790. ಇಂಥ ಏಳು ಮಳೆ ಸಾಕು, ಸಂಪು ತುಂಬಿ ಹೊರಗೆ ಹರಿಯುತ್ತೆ. ನಮ್ಮ ಕಡೆ ಎಂಥ ಬರಗಾಲದ ವರ್ಷವೂ ಏಳು ಹದ ಮಳೆ ಪೂರ್ತಿ ತಪ್ಪೋದು ಅಪರೂಪ. ಹಿಡಿಯೋ ಪಾತ್ರೆ ಇಲ್ಲದೆ ಅದು ಮೋರಿ ಸೇರುತ್ತೆ, ಆ ನೋವು ಮಾತ್ರ ಪ್ರತಿ ವರ್ಷದ್ದು.

ಕಟ್ಟುವಾಗ ಜನ ತಪ್ಪುವುದು ಎರಡು ಕಡೆ.

ಒಂದು, ಮೊದಲ ಮಳೆಯ ಕೊಳೆ. ತಾರಸಿಯ ಧೂಳು, ಹಕ್ಕಿ ಹಿಕ್ಕೆ, ಎಲೆ ಕೊಚ್ಚಿಕೊಂಡು ಬರುವ ಮೊದಲ ನೀರನ್ನು ಹೊರಗೆ ಬಿಡಬೇಕು. ಇದಕ್ಕೆ ಬಹಳ ಕಡೆ ನಾಲ್ಕಿಂಚಿನ ಪೈಪನ್ನು ಒಂದು ಮೀಟರ್ ಕೆಳಗೆ ಇಳಿಸಿ, ತುದಿಗೆ ಮುಚ್ಚಳ ಹಾಕಿ ಬಿಟ್ಟಿರುತ್ತಾರೆ. ಆ ಪೈಪಿನಲ್ಲಿ ಹಿಡಿಸೋದು 8 ಲೀಟರ್ ಚಿಲ್ಲರೆ. ನಿಮ್ಮ ತಾರಸಿಯ ಕೊಳೆ ತೊಳೆಯೋಕೆ ಕನಿಷ್ಠ 1 ಮಿ.ಮೀ. ಮಳೆ ಹೋಗಬೇಕು, ಅಂದರೆ 93 ಲೀಟರ್. ಹಾಗಾಗಿ ಪೈಪಿನ ಬದಲು 100 ಲೀಟರಿನ ಒಂದು ಡ್ರಮ್ಮನ್ನು ಲೈನಿಗೆ ಸೇರಿಸಿ. ಡ್ರಮ್ಮು ತುಂಬಿದ ಮೇಲೆ ಬಂದ ನೀರು ಮುಂದಿನ ಪೈಪಿಗೆ ಹೊರಳುವಂತೆ ಟೀ ಜಾಯಿಂಟ್ ಇರಲಿ.

ಎರಡು, ಫಿಲ್ಟರ್. 200 ಲೀಟರಿನ ನೀಲಿ ಡ್ರಮ್ಮು ಸಾಕು. ತಳದಲ್ಲಿ 40 ಎಂಎಂ ಜಲ್ಲಿ ಅರ್ಧ ಅಡಿ, ಅದರ ಮೇಲೆ 20 ಎಂಎಂ ಜಲ್ಲಿ ಅರ್ಧ ಅಡಿ, ನಾಲ್ಕಿಂಚು ಬೇಬಿ ಜಲ್ಲಿ, ನೈಲಾನ್ ಜಾಲರಿ ಒಂದು ಸುತ್ತು, ಮೇಲೆ ಎಂಟಿಂಚು ದಪ್ಪ ಮರಳು. ಉಳಿದ ಜಾಗ ಖಾಲಿ ಬಿಡಿ, ನೀರು ನಿಂತು ಇಳಿಯೋಕೆ ಅದು ಬೇಕು. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕುವುದಾದರೆ ಬಕೆಟಿನಲ್ಲಿ ತಿಳಿನೀರು ಬರೋವರೆಗೂ ತೊಳೆಯಿರಿ. ಇಲ್ಲದಿದ್ದರೆ ಅದರ ಪುಡಿ ಎರಡೇ ಮಳೆಗೆ ಕಟ್ಟಿಕೊಂಡು ಫಿಲ್ಟರ್ ಮೇಲಿಂದ ಉಕ್ಕುತ್ತೆ, ಜನ ಬೇಸತ್ತು ಫಿಲ್ಟರನ್ನೇ ಕಿತ್ತು ನೇರ ಪೈಪ್ ಕೊಟ್ಟುಬಿಡುತ್ತಾರೆ. ಜೋರು ಮಳೆಗೆ ಈ ಡ್ರಮ್ಮು ಹೇಗೂ ಸಾಲದು. ಗಂಟೆಗೆ 30 ಮಿ.ಮೀ. ಹೊಡೆದರೆ ನಿಮಿಷಕ್ಕೆ 45 ಲೀಟರಿನಷ್ಟು ಬರುತ್ತೆ. ಆದ್ದರಿಂದ ಮೇಲುಕ್ಕಿದ ನೀರು ಹೋಗೋಕೆ ಬೇರೆ ದಾರಿ ಕೊಡಿ. ಅದು ಇಂಗುಗುಂಡಿಗೋ ಹಸುವಿನ ತೊಟ್ಟಿಗೋ ಹೋಗಲಿ.

ಸಂಪು ಕಕ್ಕಸಿನ ಗುಂಡಿಯಿಂದಲೂ ಗಂಜಲದ ಕಾಲುವೆಯಿಂದಲೂ 30 ಅಡಿ ದೂರ ಇರಲಿ. ಬಾಯಿ ನೆಲದಿಂದ ಅರ್ಧ ಅಡಿಯಾದರೂ ಮೇಲೆ. ಮುಚ್ಚಳ ಬಿಗಿ, ಉಕ್ಕುವ ಪೈಪಿಗೂ ಗಾಳಿ ಪೈಪಿಗೂ ಸೊಳ್ಳೆ ಜಾಲರಿ. ಬೆಳಕು ಒಳಗೆ ಬೀಳದಿದ್ದರೆ ಪಾಚಿ ಕಟ್ಟಲ್ಲ. ಕೋತಿ ಕಾಟ ಇರೋ ಊರಾದರೆ ಮೇಲಿನ ಟ್ಯಾಂಕಿನ ಮುಚ್ಚಳಕ್ಕೂ ತಂತಿ ಬಿಗಿಯಿರಿ.

ನೀರು ಎತ್ತೋಕೆ ಹಗ್ಗ ಬಕೆಟ್ ಇಳಿಸಬೇಡಿ, ಸಂಪು ಕೆಡೋದೇ ಅದರಿಂದ. ಒಂದು ಸಣ್ಣ ಕೈಪಂಪು ಕೂರಿಸಿ. ನೆಲದ ಮೇಲೆ ನಿಂತ ಕೈಪಂಪು 7 ಮೀಟರ್ ಆಳದವರೆಗೂ ಹೀರುತ್ತೆ. ನಿಮ್ಮದು ಎರಡೇ ಮೀಟರ್ ಚಿಲ್ಲರೆ. ಕರೆಂಟ್ ಇರಲಿ ಬಿಡಲಿ, ಮಕ್ಕಳೂ ಹೊಡೆದುಕೊಳ್ಳಬಹುದು.

ನರ್ಸಮ್ಮ_ಶಿಡ್ಲಘಟ್ಟ

ಕುದಿಸುವ ಮಾತು ಬಂತಲ್ಲ, ದಯವಿಟ್ಟು ಇದನ್ನು ಎಲ್ಲರೂ ಓದಿ. ಕುದಿಸಿದರೆ ರೋಗಾಣು ಸಾಯುತ್ತೆ, ನಿಜ. ಆದರೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರಿನ ನೀರಿನ ದೊಡ್ಡ ತೊಂದರೆ ಫ್ಲೋರೈಡ್. ಅದು ಕುದಿಸಿದರೆ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬರುತ್ತೆ, ದೊಡ್ಡವರ ಮೂಳೆ ಕೀಲು ಬಿಗಿಯುತ್ತೆ. ಬಂದ ಮೇಲೆ ವಾಪಸ್ ಹೋಗುವ ಕಾಯಿಲೆ ಅಲ್ಲ ಇದು.

ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಒಟ್ಟು ಎಷ್ಟು ಅಂತ ಮಾತ್ರ ತೋರಿಸುವುದು) ಅದ್ದಿ ನೋಡಿ ನೀರು ಒಳ್ಳೆಯದು ಅನ್ನಬೇಡಿ. 800 ತೋರಿಸುವ ನೀರಿನಲ್ಲಿ 2 ಫ್ಲೋರೈಡ್ ಆಗಿದ್ದರೆ ಆ ಮೀಟರಿಗೆ ಗೊತ್ತೇ ಆಗಲ್ಲ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕು. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೇ ಮಳೆಕೊಯ್ಲು ಅಣ್ಣ ಹೇಳಿದ ಸಂಪು ನಮ್ಮ ಜಿಲ್ಲೆಗಳಿಗೆ ಔಷಧಿ ಇದ್ದ ಹಾಗೆ. ಮಳೆ ನೀರಿಗೆ ಬರೀ ರೋಗಾಣು ನೋಡಿಕೊಂಡರೆ ಸಾಕು.

ಬ್ಲೀಚಿಂಗ್ ಪುಡಿ ಲೆಕ್ಕ: 1,000 ಲೀಟರಿಗೆ 2.5 ಗ್ರಾಂ. 5,000 ಲೀಟರಿಗೆ 12.5 ಗ್ರಾಂ, ಅಂದರೆ ಮೂರು ಟೀ ಚಮಚದ ಆಸುಪಾಸು, ಆದರೆ ತೂಕ ಮಾಡಿಯೇ ಹಾಕಿ. ಮೊದಲು ಸ್ವಲ್ಪ ನೀರಿನಲ್ಲಿ ಹಿಟ್ಟಿನ ಹದಕ್ಕೆ ಕಲಸಿ, ಬಕೆಟ್ ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿಯಿರಿ. ತಳದ ಸುಣ್ಣ ಬೇಡ. ಒಂದು ಗಂಟೆ ಬಿಟ್ಟು ಬಳಸಿ. ಪುಡಿ ತೆರೆದಿಟ್ಟರೆ ಕೆಲವೇ ತಿಂಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತೆ. ವಾಸನೆ ಹೋದ ಹಳೆ ಪುಡಿ ಹಾಕಿ ನೀರು ಶುದ್ಧವಾಯ್ತು ಅಂದುಕೊಳ್ಳೋದು ಎಲ್ಲಕ್ಕಿಂತ ಅಪಾಯ. ಕಕ್ಕಸು ತೊಳೆಯುವ ಆಸಿಡ್ಡಿನ ಪಕ್ಕ ಅದನ್ನು ಇಡಲೇಬೇಡಿ, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತೆ. ಕ್ಲೋರಿನ್ ಮಾತ್ರೆಯಾದರೆ ಎಷ್ಟು ಲೀಟರಿಗೆ ಒಂದು ಅಂತ ಪಟ್ಟಿಯ ಮೇಲೆಯೇ ಬರೆದಿರುತ್ತೆ, ಅದರಂತೆ ಹಾಕಿ.

ಇನ್ಸುಲಿನ್ ವಿಚಾರ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಕೆಯಲ್ಲಿರುವ ಬಾಟಲಿ ಸಾಮಾನ್ಯವಾಗಿ 4 ವಾರ ಹೊರಗಿದ್ದರೂ ನಡೆಯುತ್ತೆ, ಆದರೆ 30 ಡಿಗ್ರಿ ದಾಟಬಾರದು. ಏಪ್ರಿಲ್ ಬಿಸಿಲಿಗೆ ಮನೆ ಒಳಗೂ ಅದು ದಾಟುತ್ತೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ಮಧ್ಯೆ ಮರಳು ತುಂಬಿ, ದಿನಕ್ಕೆರಡು ಸಲ ಮರಳಿಗೆ ನೀರು ಹಾಕಿ. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಚಿಕ್ಕ ಮಡಕೆಯೊಳಗಿಟ್ಟು ಒದ್ದೆ ಬಟ್ಟೆ ಮುಚ್ಚಿ, ಗಾಳಿ ಆಡುವ ನೆರಳಲ್ಲಿಡಿ. ಫ್ರಿಜ್ಜಿನಲ್ಲಿಡುವಾಗ ಐಸ್ ಕಟ್ಟುವ ಜಾಗಕ್ಕೆ ತಾಗಿಸಬೇಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬರಲ್ಲ. ದಿನದ ಮಾತ್ರೆಗಳು ಒಂದು ತಿಂಗಳಿನದು ಕೈಯಲ್ಲಿರುವಂತೆ, ಅರ್ಧ ಖಾಲಿಯಾದಾಗಲೇ ತರಿಸುವ ಅಭ್ಯಾಸ ಇರಲಿ.

ಮನೆಯಲ್ಲಿ ಓಆರ್‌ಎಸ್ ಪ್ಯಾಕೆಟ್ (ಭೇದಿಯಾದಾಗ ಕುಡಿಸೋಕೆ) ಹತ್ತು ಇರಲಿ. ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಕೆಡುಕು, ಅಂದಾಜಿನಲ್ಲಿ ಹಾಕಬೇಡಿ. ಹಾವು ಕಚ್ಚಿದರೆ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ. ಕೈಕಾಲು ಅಲ್ಲಾಡದ ಹಾಗೆ ಪಟ್ಟಿ ಆಸರೆ ಕೊಟ್ಟು ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ಕೊಳಕುಮಂಡಲಕ್ಕೂ ಕಟ್ಟುಹಾವಿಗೂ ಆಸ್ಪತ್ರೆಯ ಇಂಜೆಕ್ಷನ್ ಒಂದೇ ದಾರಿ.

ಕಣಜ

ನೀರಾದ ಮೇಲೆ ಹೊಟ್ಟೆ. ಐದು ಜನಕ್ಕೆ ಹದಿನೈದು ದಿನದ ಲೆಕ್ಕ ನನ್ನ ಪ್ರಕಾರ ಹೀಗೆ: ರಾಗಿ 18 ಕೆಜಿ, ಅಕ್ಕಿ 12 ಕೆಜಿ, ತೊಗರಿಬೇಳೆ, ಹುರುಳಿ, ಅವರೆಬೇಳೆ ಎಲ್ಲ ಸೇರಿ 6 ಕೆಜಿ, ಎಣ್ಣೆ ಎರಡೂವರೆ ಲೀಟರ್, ಬೆಲ್ಲ 2 ಕೆಜಿ, ಉಪ್ಪು 1 ಕೆಜಿ. ನೆಂಟರು ಇಷ್ಟರು ಬಂದು ಸೇರಿಕೊಳ್ಳುತ್ತಾರೆ, ಅಂಥ ಹೊತ್ತಿನಲ್ಲಿ ಬಾಗಿಲು ಹಾಕೋಕಾಗಲ್ಲ. ಹಾಗಾಗಿ ಇದರ ಎರಡರಷ್ಟು ಇಟ್ಟುಕೊಳ್ಳಿ. ಮನೆಯಲ್ಲಿ ಉಣ್ಣದ ಸಾಮಾನು ಒಂದೂ ತರಬೇಡಿ. ಓಟ್ಸು, ಡಬ್ಬಿ ಊಟ ತಂದಿಟ್ಟು ವರ್ಷ ಕಳೆದು ಹಸುವಿಗೆ ಹಾಕುವುದಕ್ಕೆ ಸಿದ್ಧತೆ ಅನ್ನಲ್ಲ.

ರಾಗಿಯ ಗುಣ ನಿಮಗೆ ಗೊತ್ತೇ ಇದೆ. ಕಾಳು ಸಣ್ಣದು, ಹುಳು ಒಳಗೆ ಕೂರೋಕೆ ಜಾಗ ಇಲ್ಲ. ಚೆನ್ನಾಗಿ ಒಣಗಿದ ರಾಗಿ ವರ್ಷಗಟ್ಟಲೆ ಕೆಡಲ್ಲ. ಹಿಂದೆ ಹಗೇವಿನಲ್ಲಿ ನೆಲದಡಿ ಇಟ್ಟು ಬರಗಾಲ ದಾಟಿಸುತ್ತಿದ್ದರು. (ಯಾರ ಹಿತ್ತಲಲ್ಲಾದರೂ ಹಳೆ ಹಗೇವು ಇದ್ದರೆ, ಬಾಯಿ ತೆರೆದ ತಕ್ಷಣ ಇಳಿಯಬೇಡಿ. ಒಳಗೆ ಉಸಿರಾಡುವ ಗಾಳಿ ಇರಲ್ಲ, ಇಳಿದವರು ಪ್ರಾಣ ಕಳೆದುಕೊಂಡಿದ್ದಾರೆ.)

ಆದರೆ ಜನ ಮರೆಯೋದು ಇದನ್ನ: ಮೂಟೆ ರಾಗಿ ಇದ್ದರೂ ಹಿಟ್ಟಿನ ಗಿರಣಿಗೆ ಕರೆಂಟ್ ಇಲ್ಲದಿದ್ದರೆ ಮುದ್ದೆ ಆಗಲ್ಲ. ನಿಮ್ಮ ಮನೆಗೆ ದಿನಕ್ಕೆ ಒಂದು ಕೆಜಿ ಮೇಲೆ ಹಿಟ್ಟು ಬೇಕು. ಹಿಟ್ಟು ತಿಂಗಳು ಎರಡು ತಿಂಗಳಿಗೆ ಮುಗ್ಗು ವಾಸನೆ ಹೊಡೆಯುತ್ತೆ, ಆದ್ದರಿಂದ ಹೆಚ್ಚು ಬೀಸಿಡೋಕೂ ಆಗಲ್ಲ. 8 ಕೆಜಿ ಹಿಟ್ಟು ಯಾವಾಗಲೂ ಡಬ್ಬಿಯಲ್ಲಿರಲಿ. ಮಿಕ್ಕಿದ್ದಕ್ಕೆ ರಾಗಿಕಲ್ಲು. ಮೂಲೆಯಲ್ಲಿ ಬಿದ್ದಿರುವ ಕಲ್ಲಿಗೆ ಉಳಿಪೆಟ್ಟು ಹಾಕಿಸಿ, ಗೂಟ ಬಿಗಿ ಮಾಡಿಸಿ. ಇನ್ನೊಂದು, ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ, ಕೆಲವು ಗಂಟೆ ಬಟ್ಟೆ ಮುಚ್ಚಿಟ್ಟು, ಕಾದ ಮರಳಲ್ಲಿ ಅರಳು ಬರುವಂತೆ ಹುರಿದು, ಜರಡಿ ಹಿಡಿದು ಬೀಸಿದರೆ ಒಲೆಯೇ ಬೇಡದ ಊಟ. ಮಜ್ಜಿಗೆಗೋ ಬೆಲ್ಲದ ನೀರಿಗೋ ಕಲಸಿದರೆ ಆಯ್ತು. ಗ್ಯಾಸಿಲ್ಲ, ಕರೆಂಟಿಲ್ಲ, ಮನೆಯಲ್ಲಿ ಹುಷಾರಿಲ್ಲ ಅನ್ನೋ ದಿನಕ್ಕೆ ಇದಕ್ಕಿಂತ ದೊಡ್ಡ ಆಸರೆ ನನಗೆ ಗೊತ್ತಿಲ್ಲ.

ಕಾಳು ಕೆಡೋದು ಎರಡು ಕಾರಣಕ್ಕೆ. ಒಂದು, ಬಿಸಿಲಲ್ಲಿ ಹಾಕಿದ್ದನ್ನು ಬಿಸಿ ಇರುವಾಗಲೇ ಮೂಟೆ ಕಟ್ಟೋದು. ರಾತ್ರಿ ತಣ್ಣಗಾದಾಗ ಒಳಗೇ ಬೆವರುತ್ತೆ, ಬೂಷ್ಟು ಹಿಡಿಯುತ್ತೆ. ಸಂಜೆ ನೆರಳಿಗೆ ತಂದು, ರಾತ್ರಿ ಹರವಿಟ್ಟು, ಬೆಳಿಗ್ಗೆ ತುಂಬಿ. ಹಲ್ಲಲ್ಲಿ ಕಡಿದರೆ ಕಟಕ್ ಅನ್ನಬೇಕು, ಮೆತ್ತಗೆ ಅಪ್ಪಚ್ಚಿಯಾದರೆ ಇನ್ನೊಂದು ದಿನ ಬಿಸಿಲು ಬೇಕು. ಎರಡು, ಮೂಟೆಯನ್ನು ನೆಲಕ್ಕೂ ಗೋಡೆಗೂ ತಾಗಿಸೋದು. ಹಲಗೆ ಹಾಕಿ ಅರ್ಧ ಅಡಿ ಎತ್ತಿ, ಗೋಡೆಯಿಂದ ಗೇಣು ದೂರ ಇಡಿ.

ಅವರೆ, ಹುರುಳಿ, ಅಲಸಂದೆ ಇಡಿ ಕಾಳಿಗೆ ಹುಳು ಮೊಟ್ಟೆ ಹೊಲದಲ್ಲೇ ಅಂಟಿ ಬಂದಿರುತ್ತೆ. ಕಪ್ಪು ಪ್ಲಾಸ್ಟಿಕ್ ಹಾಳೆ ಮೇಲೆ ಒಂದಿಂಚು ದಪ್ಪಕ್ಕೆ ಹರವಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ, ಅಂಚಿಗೆ ಕಲ್ಲಿಟ್ಟು, ನೆತ್ತಿ ಬಿಸಿಲಲ್ಲಿ ನಾಲ್ಕೈದು ಗಂಟೆ ಬಿಡಿ. ಒಳಗಿನ ಬಿಸಿ ಮೊಟ್ಟೆ, ಮರಿ ಎಲ್ಲವನ್ನೂ ಕೊಲ್ಲುತ್ತೆ. ತಣಿದ ಮೇಲೆ ಕೆಜಿಗೆ ಒಂದು ಟೀ ಚಮಚ ಎಣ್ಣೆ ಸವರಿ ತುಂಬಿ. ತೊಗರಿಬೇಳೆಗೆ ಹರಳೆಣ್ಣೆ, ಅದು ಎಲ್ಲರ ಮನೆಯಲ್ಲೂ ಇರುವ ಪದ್ಧತಿಯೇ. ಬೇಳೆ ಮಾಡಿದ ಕಾಳಿಗೆ ಇಡಿ ಕಾಳಿಗಿಂತ ಹುಳು ಕಡಿಮೆ. ಮಂಡಿಯಲ್ಲಿ ಹಾಕುವ ವಿಷದ ಮಾತ್ರೆಯನ್ನು ಮನೆಯ ಕಣಜಕ್ಕೆ ಯಾವ ಕಾರಣಕ್ಕೂ ಹಾಕಬೇಡಿ. ಅದರಿಂದ ಏಳುವ ಗಾಳಿಗೆ ಮಲಗಿದ್ದವರು ಮಲಗಿದಲ್ಲೇ ಹೋಗುತ್ತಾರೆ.

ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಉಂಡೆ ಕಟ್ಟಿದರೆ ವರ್ಷ ಬರುತ್ತೆ. ತಿಪಟೂರು ಕಡೆಯವರು ಅಟ್ಟದ ಮೇಲೆ ಒಣಗಿಸುವ ಉಂಡೆ ಕೊಬ್ಬರಿ ಸಿಕ್ಕರೆ ಐದಾರು ಇಟ್ಟುಕೊಳ್ಳಿ, ಸ್ವಲ್ಪದರಲ್ಲೇ ಹೊಟ್ಟೆಗೆ ಬಲ ಕೊಡುತ್ತೆ.

ಒಲೆ: ಎರಡನೇ ಸಿಲಿಂಡರ್ ಬರೆಸಿಕೊಳ್ಳಿ. 14.2 ಕೆಜಿ ಸಿಲಿಂಡರ್ ಐದು ಜನಕ್ಕೆ ಒಂದು ತಿಂಗಳ ಮೇಲೆ ಬರುತ್ತೆ, ಒಂದು ಖಾಲಿಯಾದ ದಿನವೇ ಬುಕ್ ಮಾಡಿದರೆ ಯಾವಾಗಲೂ ಒಂದು ತುಂಬಿದ್ದು ಇರುತ್ತೆ. ರಬ್ಬರ್ ಪೈಪಿಗೆ ಐದು ವರ್ಷ ಆಯಸ್ಸು, ಮೇಲೆ ಅಚ್ಚಾದ ವರ್ಷ ನೋಡಿ. ಸೋರಿದರೆ 1906. ಸೌದೆ ಒಲೆ ಇಟ್ಟುಕೊಳ್ಳುವುದಾದರೆ ಐಐಎಸ್‌ಸಿಯಲ್ಲಿ ರೂಪಿಸಿದ ಅಸ್ತ್ರ ಒಲೆಯಂಥದ್ದು ಸೌದೆಯನ್ನೂ ಹೊಗೆಯನ್ನೂ ಉಳಿಸುತ್ತೆ. ಕೆಂಡದ ಬಾಂಡ್ಲಿಯನ್ನು ಚಳಿಗೆ ಅಂತ ಬಾಗಿಲು ಹಾಕಿದ ಕೋಣೆಗೆ ಒಯ್ಯಬೇಡಿ.

ಹಸುಮನೆ

ಹಸುವಿನ ನೀರನ್ನು ಯಾರೂ ಲೆಕ್ಕ ಹಿಡಿಯಲಿಲ್ಲ. ಕರೆಯುವ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ಬೇಕು. ನಿಮ್ಮ ಎರಡು ಹಸು ಹದಿನೈದು ದಿನಕ್ಕೆ 2,100 ಲೀಟರ್ ಕುಡಿಯುತ್ತವೆ, ಮನೆ ಮಂದಿ ಕುಡಿಯೋದರ ಐದು ಪಟ್ಟಿಗಿಂತ ಹೆಚ್ಚು. ಸಂಪಿನ ನೀರು ಇದಕ್ಕೆ ಮುಟ್ಟಬೇಡಿ. ಫಿಲ್ಟರ್ ಡ್ರಮ್ಮು ಉಕ್ಕಿದ ನೀರಿಗೆ 2,000 ಲೀಟರಿನ ಕಲ್ಲಿನ ತೊಟ್ಟಿಯೋ ಹಳೆ ಟ್ಯಾಂಕೋ ಕೊಡಿ. ಅಕ್ಕಿ, ಕಾಳು ತೊಳೆದ ಕಲಗಚ್ಚು ಹೇಗೂ ಅವಕ್ಕೇ.

ಮೇವು: ಹಸುವಿಗೆ ದಿನಕ್ಕೆ 6 ಕೆಜಿ ರಾಗಿ ಹುಲ್ಲು ಹಿಡಿದರೆ 180 ಕೆಜಿ ಬಣವೆಯಲ್ಲಿ ಮೀಸಲಿರಲಿ. ಹಸಿ ಮೇವು, ಬೂಸ ಸಿಗದ ದಿನಕ್ಕೆ ಒಣ ಹುಲ್ಲಿನ ಸತ್ವ ಹೆಚ್ಚಿಸಬಹುದು. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹೊದಿಸಿ 21 ದಿನ ಗಾಳಿಯಾಡದಂತೆ ಬಿಡಿ. ತೆಗೆದ ಮೇಲೆ ಸ್ವಲ್ಪ ಹೊತ್ತು ಹರವಿ, ಘಾಟು ಹೋದ ಮೇಲೆ ತಿನ್ನಿಸಿ. ಆರು ತಿಂಗಳೊಳಗಿನ ಕರುವಿಗೆ ಬೇಡ. ಹರಳು ಕರಗದೆ ಉಳಿದರೆ, ಅಥವಾ ಆ ನೀರಿನ ಬಕೆಟಿಗೆ ಹಸು ಬಾಯಿ ಹಾಕಿದರೆ ವಿಷ. ಕಲಸುವ ಜಾಗದಿಂದ ದೂರ ಕಟ್ಟಿಹಾಕಿ.

ಡೇರಿ ಗಾಡಿ ಬರದ ದಿನ ಹಾಲು ಚೆಲ್ಲಬೇಡಿ. ಹೆಪ್ಪು ಹಾಕಿ, ಕಡೆದು, ತುಪ್ಪ ಮಾಡಿ. 10 ಲೀಟರ್ ಹಾಲಿಗೆ 350 ಗ್ರಾಂ ಆಸುಪಾಸು ತುಪ್ಪ ಇಳಿಯುತ್ತೆ, ತಿಂಗಳುಗಟ್ಟಲೆ ಇರುತ್ತೆ.

ವೈರ್‌ಮನ್_ಕೋಲಾರ

ಕರೆಂಟಿನ ಮಾತು ಕೊನೆಗೆ ಬಂದಿದ್ದು ಸರಿಯಾಗೇ ಇದೆ. ನೀರಿಗೆ ಕೈಪಂಪು, ಹಿಟ್ಟಿಗೆ ಕಲ್ಲು ಆದ ಮೇಲೆ ಕರೆಂಟಿನಿಂದ ನಿಮಗೆ ಬೇಕಿರೋದು ಬೆಳಕು, ಫ್ಯಾನು, ಫೋನು ಅಷ್ಟೆ. ಲೋಡು ಕಮ್ಮಿಯಾದಷ್ಟೂ ಖರ್ಚು ಕಮ್ಮಿ.

9 ವಾಟಿನ ಎಲ್‌ಇಡಿ ನಾಲ್ಕು 36 ವಾಟ್, ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಫ್ಯಾನ್ ಎರಡು 60, ಚಾರ್ಜರ್‌ಗಳು 15. ಒಟ್ಟು 111 ವಾಟ್. 12 ವೋಲ್ಟ್ 150 ಎಎಚ್ (ಆಂಪಿಯರ್ ಅವರ್) ಟ್ಯೂಬುಲರ್ ಬ್ಯಾಟರಿಯ ಮೇಲೆ ಬರೆದ ಲೆಕ್ಕ 1,800 ವಾಟ್‌ಅವರ್. ಅದನ್ನು ಪೂರ್ತಿ ಇಳಿಸಿದರೆ ಬ್ಯಾಟರಿ ಸಾಯುತ್ತೆ. ನೂರಕ್ಕೆ 60 ಭಾಗ ಬಳಸಿ, ಇನ್ವರ್ಟರ್ ನುಂಗೋದು ಕಳೆದರೆ ಸಿಗೋದು 900. ಎಂಟು ಗಂಟೆ. ಹಳೆ 75 ವಾಟಿನ ಫ್ಯಾನ್ ಎರಡು ಹಾಕಿದರೆ ಅದೇ ಬ್ಯಾಟರಿ ನಾಲ್ಕೂವರೆ ಗಂಟೆಗೆ ಇಳಿಯುತ್ತೆ. ಹಾಗಾಗಿ ದೊಡ್ಡ ಬ್ಯಾಟರಿಗಿಂತ ಮೊದಲು ಫ್ಯಾನ್ ಬದಲಿಸಿ.

ಅಸಲು ಪ್ರಶ್ನೆ ಎರಡನೇ ರಾತ್ರಿಯದು. ಕರೆಂಟ್ ಬರದಿದ್ದರೆ ಇನ್ವರ್ಟರ್ ಬರೀ ಡಬ್ಬ. ದಿನಕ್ಕೆ ಮೂರ್ನಾಲ್ಕು ಗಂಟೆ ಬಂದರೂ 150 ಎಎಚ್ ತುಂಬೋಕೆ 10ರಿಂದ 12 ಗಂಟೆ ಬೇಕು. ಅರ್ಧಂಬರ್ಧ ತುಂಬಿ ಇಳಿಸಿ ಇಳಿಸಿ ಪ್ಲೇಟಿನ ಮೇಲೆ ಸೀಸದ ಸಲ್ಫೇಟಿನ ಪೊರೆ ಕಟ್ಟಿ ಎರಡು ವರ್ಷಕ್ಕೇ ಮುಗಿಯುತ್ತೆ. ಅದಕ್ಕೆ 165 ವಾಟಿನ ಸೋಲಾರ್ ಪ್ಯಾನೆಲ್ ಎರಡು ಸೇರಿಸಿ. ಇಲ್ಲಿನ ಬಿಸಿಲಿಗೆ ದಿನಕ್ಕೆ 1,000 ವಾಟ್‌ಅವರ್ ಬರುತ್ತೆ, ರಾತ್ರಿಯ ಖರ್ಚಿಗೆ ಸರಿಹೋಯ್ತು. ಮುಖ ದಕ್ಷಿಣಕ್ಕೆ, ಓರೆ 13 ಡಿಗ್ರಿ. ವಾರಕ್ಕೊಮ್ಮೆ ಬೆಳಿಗ್ಗೆ ತಣ್ಣಗಿರುವಾಗ ಧೂಳು ಒರೆಸಿ.

ಇಲ್ಲಿ ಕೆಡೋದು ತಂತಿಯಲ್ಲಿ. ಎರಡು ಪ್ಯಾನೆಲ್ ಪ್ಯಾರಲಲ್ ಮಾಡಿದರೆ 18 ಆಂಪಿಯರ್ ಹರಿಯುತ್ತೆ. ತಾರಸಿಯಿಂದ ಬ್ಯಾಟರಿಗೆ 10 ಮೀಟರ್ ಇದ್ದು 4 ಚದರ ಎಂಎಂ ತಂತಿ ಎಳೆದರೆ ಹೋಗಿ ಬರುವ ದಾರಿಯಲ್ಲೇ ಸುಮಾರು 1.6 ವೋಲ್ಟ್ ಕರಗುತ್ತೆ. ಬಿಸಿಲಿಗೆ ಪ್ಯಾನೆಲ್ ಕಾದು ವೋಲ್ಟೇಜ್ ಇಳಿದಿರುತ್ತೆ, ಅದರ ಮೇಲೆ ಇದು. ಬ್ಯಾಟರಿಗೆ ಬೇಕಾದ 14.4 ವೋಲ್ಟ್ ಮುಟ್ಟೋದೇ ಕಷ್ಟ. ಜನ ಪ್ಯಾನೆಲ್ ಕಳಪೆ ಅಂತ ಬೈಯುತ್ತಾರೆ. 10 ಚದರ ಎಂಎಂ ತಾಮ್ರದ ತಂತಿ ಹಾಕಿ. ಇಲ್ಲದಿದ್ದರೆ ಪ್ಯಾನೆಲ್ ಸೀರೀಸ್ ಮಾಡಿ ಎಂಪಿಪಿಟಿ ಕಂಟ್ರೋಲರ್ (ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಇಳಿಸಿಕೊಡುವುದು) ಕೊಡಿ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು.

ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ ಅಂತ ಬಹಳ ಜನ ಹಾಕಿಸುತ್ತಿದ್ದಾರೆ, ಬಿಲ್ಲಿಗೆ ಒಳ್ಳೆಯದೇ. ಆದರೆ ಊರಿನ ಲೈನಿಗೇ ಜೋಡಿಸಿದ, ಬ್ಯಾಟರಿ ಇಲ್ಲದ ಆನ್‌ಗ್ರಿಡ್ ವ್ಯವಸ್ಥೆ ಲೈನಿನಲ್ಲಿ ಕರೆಂಟ್ ಹೋದ ಕ್ಷಣ ತಾನೂ ನಿಲ್ಲುತ್ತೆ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಹೊಡೆಯಬಾರದು ಅಂತಲೇ ಹಾಗೆ ಮಾಡಿರೋದು. ಬಿಸಿಲು ನೆತ್ತಿ ಮೇಲಿದ್ದರೂ ಮನೆ ಕತ್ತಲೆ. ಇದನ್ನು ಮಾರುವವರಲ್ಲಿ ಕೇಳಿ ತಿಳಿದುಕೊಂಡು ಹಾಕಿಸಿ.

ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಮಾತ್ರ, ಆರ್‌ಓ ನೀರಿನಲ್ಲೂ ಉಪ್ಪು ಉಳಿದಿರುತ್ತೆ. ಫ್ರಿಜ್, ಮೋಟರ್ ಈ ಇನ್ವರ್ಟರಿಗೆ ಬೇಡ. ಹೊರಡುವಾಗ ಮೋಟರ್ ಐದಾರು ಪಟ್ಟು ಎಳೆಯುತ್ತೆ. ಬೆಸ್ಕಾಂಗೆ ದೂರು 1912, ಕಂಬದ ನಂಬರ್ ಬರೆದಿಟ್ಟುಕೊಂಡಿದ್ದರೆ ಬೇಗ ಬರುತ್ತಾರೆ.

ಚಿಂತಾಮಣಿ_ಬಯಲು

ಎಲ್ಲರಿಗೂ ಕೈ ಮುಗಿದೆ. ಸಂಪು, ಎರಡು ಡ್ರಮ್ಮು, ಕೈಪಂಪು ಮುಂಗಾರಿಗೆ ಮೊದಲು. ಎರಡನೇ ಸಿಲಿಂಡರ್, ರಾಗಿಕಲ್ಲು ಈ ತಿಂಗಳೇ. ಹಸುವಿನ ತೊಟ್ಟಿ ಆಮೇಲೆ, ಪ್ಯಾನೆಲ್ ಮುಂದಿನ ವರ್ಷ. ಎರಡು ಅನುಮಾನ ಉಳಿದಿದೆ. ಮೊದಲ ಮಳೆಯ 100 ಲೀಟರ್ ಡ್ರಮ್ಮನ್ನು ಪ್ರತಿ ಸಲ ಯಾರು ಖಾಲಿ ಮಾಡೋದು? ಹೊಸ ಸಂಪಿನಲ್ಲಿ ಸಿಮೆಂಟಿನ ರುಚಿ ಬರುತ್ತೆ ಅಂತಾರೆ, ಏನು ಮಾಡಬೇಕು?

ಮಳೆಕೊಯ್ಲು_ತುಮಕೂರು

ಡ್ರಮ್ಮಿನ ತಳದ ಪಕ್ಕದಲ್ಲಿ 2 ಎಂಎಂ ತೂತು ಕೊರೆಯಿರಿ. ಮಳೆ ಬರುವಾಗ ನಿಮಿಷಕ್ಕೆ ಅರ್ಧ ಲೀಟರ್ ಮಾತ್ರ ಸೋರುತ್ತೆ, ಮಳೆ ನಿಂತ ಮೇಲೆ ಆರೇಳು ಗಂಟೆಯಲ್ಲಿ ತಾನೇ ಖಾಲಿಯಾಗಿ ಮುಂದಿನ ಮಳೆಗೆ ತಯಾರಾಗುತ್ತೆ. ತೂತು ತಳಕ್ಕಿಂತ ಎರಡಿಂಚು ಮೇಲಿರಲಿ, ಒಳಗಡೆ ಸ್ಟೀಲ್ ಜಾಲರಿ ತುಂಡು ಅಂಟಿಸಿ, ಇಲ್ಲದಿದ್ದರೆ ಕೆಸರು ಮುಚ್ಚಿಬಿಡುತ್ತೆ. ಕೆಸರು ತೆಗೆಯೋಕೆ ತಳದಲ್ಲೇ ಒಂದಿಂಚಿನ ವಾಲ್ವ್ ಬೇರೆ ಇಟ್ಟು ತಿಂಗಳಿಗೊಮ್ಮೆ ಬಿಡಿ. ಮೇಲಿನ ಮುಚ್ಚಳವನ್ನು ತಿರುಪಿನದೇ ಹಾಕಿ, ಸೊಳ್ಳೆ ಮೊಟ್ಟೆ ಇಡೋದು ಇಂಥ ಮರೆತ ಡ್ರಮ್ಮಿನಲ್ಲೇ.

ಸಂಪಿನ ಒಳ ಗಾರೆ ಆದ ಮೇಲೆ ಕ್ಯೂರಿಂಗಿಗೆ ಅಂತ ನಿಲ್ಲಿಸಿದ ನೀರನ್ನು ಏಳು ದಿನ ಬಿಟ್ಟು ಚೆಲ್ಲಿ. ಇನ್ನೊಂದು ಸಲ ತುಂಬಿ ಏಳು ದಿನ ಬಿಟ್ಟು ಅದನ್ನೂ ಗಿಡಕ್ಕೋ ಗಾರೆ ಕೆಲಸಕ್ಕೋ ಬಿಡಿ. ಗೋಡೆಯನ್ನು ತೆಂಗಿನ ನಾರಿನ ಬ್ರಷ್ಷಲ್ಲಿ ಉಜ್ಜಿ ತೊಳೆಯಿರಿ. ಮೂರನೇ ನೀರಿಗೆ ಸುಣ್ಣದ ಒಗರು ಬಹುಮಟ್ಟಿಗೆ ಹೋಗಿರುತ್ತೆ. ಇದಕ್ಕೆ ಮೂರು ವಾರ ಬೇಕಾದ್ದರಿಂದ ಏಪ್ರಿಲ್ ಮೊದಲಲ್ಲೇ ಗಾರೆ ಮುಗಿಸಿಕೊಳ್ಳಿ. ಮೇ ತಿಂಗಳ ಮೊದಲ ಗುಡುಗು ಮಳೆಗೇ ಹಿಡಿಯಬಹುದು.